ಅಗೆದದ್ದೆಷ್ಟು, ಉಳಿದದ್ದೆಲ್ಲಿ?

ವಡಾಲದ ಕನ್ನಡಿಗರಲ್ಲಿ ಷೇರಿನ ಮಾತು ಹೊಸದಲ್ಲ. ಕರಾವಳಿಯಿಂದ ಬಂದು ಬ್ಯಾಂಕು, ಬಂದರು, ಹೋಟೆಲು ಎಂದು ಬದುಕು ಕಟ್ಟಿಕೊಂಡವರು ನಿವೃತ್ತಿಯ ಹಣದಲ್ಲಿ ಬಹುಪಾಲನ್ನು ಠೇವಣಿಯಲ್ಲಿಟ್ಟು, ಉಳಿದ ಸ್ವಲ್ಪವನ್ನು ದಲಾಲ್ ಸ್ಟ್ರೀಟಿಗೆ ಕಳಿಸುವುದು ಎರಡು ತಲೆಮಾರಿನ ರೂಢಿ. ಎನ್‌ಕೆಇಎಸ್ ಶಾಲೆಯ ಸಭೆಯಿರಲಿ, ರಾಮಮಂದಿರದ ಗಣೇಶೋತ್ಸವದ ಊಟದ ಪಂಕ್ತಿಯಿರಲಿ, ಪಕ್ಕದಲ್ಲಿ ಕೂತವರು ಮೆಲ್ಲಗೆ ಕೇಳುವ ಪ್ರಶ್ನೆ ಈಚೆಗೆ ಹೆಚ್ಚಾಗಿ ಗಣಿ ಕಂಪನಿಗಳದ್ದು. "ಮಾರಾಯ್ರೆ, ರಿಸರ್ವಿನಲ್ಲೇ ಸಾವಿರಾರು ಕೋಟಿ ಇದೆಯಂತೆ. ರೇಟು ನೋಡಿದರೆ ಏನೂ ಇಲ್ಲ. ತೆಗೊಂಡು ಇಡಬಹುದಲ್ವಾ?"

ಕೇಳುವವರು ಲೆಕ್ಕ ಬಾರದವರಲ್ಲ. ಅವರಲ್ಲಿ ಅನೇಕರು ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು ಬೇರೆಯವರ ಬ್ಯಾಲೆನ್ಸ್ ಶೀಟ್ ಓದಿ ಸಾಲ ಮಂಜೂರು ಮಾಡಿದವರು. ಗಣಿಯ ವಿಷಯಕ್ಕೆ ಬಂದಾಗ ಆ ಅನುಭವವೇ ಅಡ್ಡ ಬರುತ್ತದೆ. ಸೋಪು, ಬಿಸ್ಕತ್ತು, ಔಷಧಿ ಮಾಡುವ ಕಂಪನಿಯ ಉಳಿಕೆ ಲಾಭ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಕಂಪನಿ ಬೆಳೆಯುತ್ತಿದೆ ಎಂದು ಸುಮಾರಾಗಿ ಹೇಳಬಹುದು. ಗಣಿ ಕಂಪನಿಯ ಉಳಿಕೆ ಲಾಭ ಏರುತ್ತಿರುವಾಗಲೇ ಕಂಪನಿ ಕರಗುತ್ತಿರಬಹುದು. ಹಾಗಾಗಿ ಗಣಿ ಷೇರು ನೋಡುವಾಗ ಎಲ್ಲಕ್ಕಿಂತ ಹೆಚ್ಚು ಅನುಮಾನದಿಂದ ನೋಡಬೇಕಾದ ಸಂಖ್ಯೆ ಇದೇ ಎಂಬುದು ನನ್ನ ವಾದ.

ಮೊದಲು ಆ ಸಂಖ್ಯೆ ಏನೆಂದು ನೋಡೋಣ. ಉಳಿಕೆ ಲಾಭ, ಅಂದರೆ ಲೆಕ್ಕಿಗರು ರಿಟೇನ್ಡ್ ಅರ್ನಿಂಗ್ಸ್ ಎನ್ನುವುದು, ಕಂಪನಿ ಹುಟ್ಟಿದಂದಿನಿಂದ ಗಳಿಸಿದ ಲಾಭದಲ್ಲಿ ಷೇರುದಾರರಿಗೆ ಹಂಚದೆ ಇಟ್ಟುಕೊಂಡ ಭಾಗದ ಮೊತ್ತ. ಕಳೆದ ವರ್ಷದ ಬಾಕಿಗೆ ಈ ವರ್ಷದ ನಿವ್ವಳ ಲಾಭ ಸೇರಿಸಿ, ಡಿವಿಡೆಂಡ್ ಕಳೆದರೆ ಈ ವರ್ಷದ ಬಾಕಿ. ಈಗಿನ ವಾರ್ಷಿಕ ವರದಿಗಳಲ್ಲಿ ಇದು 'ಅದರ್ ಈಕ್ವಿಟಿ' ಎಂಬ ತಲೆಬರಹದ ಕೆಳಗೆ, ಸಾಮಾನ್ಯ ಮೀಸಲು ಮುಂತಾದವುಗಳ ಜೊತೆ ಕೂತಿರುತ್ತದೆ. ನಮ್ಮವರು ಬಾಯಿಮಾತಿನಲ್ಲಿ ಎಲ್ಲವನ್ನೂ ಸೇರಿಸಿ 'ರಿಸರ್ವ್' ಎನ್ನುತ್ತಾರೆ.

ತೊಡಕು ಆ ಪದದಲ್ಲೇ ಇದೆ. ರಿಸರ್ವ್ ಎಂದೊಡನೆ ಪೆಟ್ಟಿಗೆಯೊಳಗೆ ತೆಗೆದಿಟ್ಟ ದುಡ್ಡಿನ ಚಿತ್ರ ಬರುತ್ತದೆ. ಒಂದು ಉಡುಪಿ ಹೋಟೆಲಿನ ಲೆಕ್ಕ ತೆಗೆದುಕೊಳ್ಳಿ. ವರ್ಷಕ್ಕೆ 20 ಲಕ್ಷ ಲಾಭ, ಮಾಲೀಕರು ಮನೆಗೆ ಒಯ್ದದ್ದು 8 ಲಕ್ಷ. ಹತ್ತು ವರ್ಷಕ್ಕೆ ಉಳಿಕೆ ಲಾಭ 1 ಕೋಟಿ 20 ಲಕ್ಷ. ಗಲ್ಲಾ ಪೆಟ್ಟಿಗೆ ತೆರೆದರೆ ಅದು ಅಲ್ಲಿರುವುದಿಲ್ಲ. ಹೊಸ ಗ್ರೈಂಡರ್, ಅಡುಗೆಮನೆಯ ಹೊಗೆ ಕೊಳವೆ, ಚೆಂಬೂರಿನ ಎರಡನೇ ಹೋಟೆಲಿಗೆ ಕೊಟ್ಟ ಡಿಪಾಸಿಟ್, ಆಫೀಸು ಕ್ಯಾಂಟೀನಿನವರು ಕೊಡಬೇಕಾದ ಬಾಕಿ, ಇವುಗಳಾಗಿ ಅದು ಹಂಚಿಹೋಗಿರುತ್ತದೆ. ಉಳಿಕೆ ಲಾಭ ಬರೆದಿರುವುದು ಬ್ಯಾಲೆನ್ಸ್ ಶೀಟಿನಲ್ಲಿ ಬಂಡವಾಳದ ಪಕ್ಕದಲ್ಲಿ. ಹಣ ಎಲ್ಲಿಂದ ಬಂತು ಎಂದಷ್ಟೇ ಆ ಬದಿ ಹೇಳುತ್ತದೆ. ಎಲ್ಲಿ ಹೋಯಿತು ಎಂಬುದಕ್ಕೆ ಎದುರಿನ ಬದಿಯನ್ನು, ಆಸ್ತಿಗಳ ಪಟ್ಟಿಯನ್ನು ಓದಬೇಕು. ಇಷ್ಟು ಎಲ್ಲ ಕಂಪನಿಗಳಿಗೂ ಅನ್ವಯಿಸುವ ಮಾತು.

ಗಣಿಗೆ ಮಾತ್ರ ಅನ್ವಯಿಸುವ ಮಾತು ಬೇರೆ ಇದೆ. ವಡಾಲದಿಂದ ಆಣಿಕ್ ಕಡೆಗೆ ಹೋಗುವಾಗ ಸಿಗುವ ಉಪ್ಪಿನ ಆಗರಗಳನ್ನು ಇಲ್ಲಿಯ ಹಳಬರೆಲ್ಲ ಬಲ್ಲರು. ಉಬ್ಬರದ ನೀರನ್ನು ಕಟ್ಟೆಯೊಳಗೆ ಬಿಟ್ಟುಕೊಂಡು, ಬಿಸಿಲಿಗೆ ಆರಿಸಿ, ಉಪ್ಪು ಬಾಚಿ ಮಾರಿದರೆ ಮುಂದಿನ ಹಂಗಾಮಿಗೆ ಸಮುದ್ರ ಮತ್ತೆ ತಾನೇ ತಂದುಕೊಡುತ್ತದೆ. ಆಗರದ ಯಜಮಾನ ಲಾಭವನ್ನೆಲ್ಲ ಖರ್ಚು ಮಾಡಿದರೂ ಆಗರ ಇದ್ದಲ್ಲೇ ಇರುತ್ತದೆ. ಕಬ್ಬಿಣದ ಅದಿರಿನ ಬೆಟ್ಟ ಹಾಗಲ್ಲ. ಇವತ್ತು ಲಾರಿಗೆ ತುಂಬಿದ ಟನ್ನು ಮತ್ತೆ ಹುಟ್ಟುವುದಿಲ್ಲ. ಗಣಿ ಕಂಪನಿ ಮಾರುತ್ತಿರುವುದು ತೋಟದ ಫಸಲನ್ನಲ್ಲ, ತೋಟದ ಮಣ್ಣನ್ನೇ.

ಆದರೆ ಲಾಭನಷ್ಟದ ಲೆಕ್ಕದಲ್ಲಿ ಮಣ್ಣು ಕರಗಿದ್ದು ಸರಿಯಾಗಿ ಕಾಣುವುದಿಲ್ಲ. ಡಂಪರು, ಕ್ರಷರು, ಕನ್ವೇಯರ್ ಬೆಲ್ಟುಗಳ ಸವಕಳಿ ಕಳೆಯುತ್ತಾರೆ. ರಾಜ್ಯಕ್ಕೆ ಕಟ್ಟುವ ರಾಜಧನ ಖರ್ಚಿನಲ್ಲಿ ಬರುತ್ತದೆ. ಗಣಿ ಮುಚ್ಚುವ ಖರ್ಚಿಗೆಂದು ಒಂದಿಷ್ಟು ತೆಗೆದಿಡುತ್ತಾರೆ. ಆದರೆ ಹಳೆಯ ಗುತ್ತಿಗೆಯ ಗಣಿಗಳಲ್ಲಿ ಭೂಮಿಯೊಳಗಿನ ಅದಿರಿಗೆ ಪುಸ್ತಕದಲ್ಲಿ ಬೆಲೆಯೇ ಇಲ್ಲ. ಬೆಲೆಯೇ ಬರೆಯದ ಆಸ್ತಿ ಕಡಿಮೆಯಾದರೆ ಅದನ್ನು ಯಾವ ಲೆಕ್ಕದಲ್ಲಿ ತೋರಿಸುವುದು? ಹಾಗಾಗಿ ಬೆಟ್ಟ ಕರಗಿದ್ದರ ಒಂದು ಭಾಗ ಲಾಭದ ವೇಷದಲ್ಲಿ ಉಳಿಕೆ ಲಾಭಕ್ಕೆ ಬಂದು ಸೇರುತ್ತದೆ.

ಸುಮ್ಮನೆ ಒಂದು ಲೆಕ್ಕ ಹಾಕೋಣ. ಹತ್ತು ಕೋಟಿ ಟನ್ ಅದಿರಿರುವ ಬೆಟ್ಟ. ವರ್ಷಕ್ಕೆ ಒಂದು ಕೋಟಿ ಟನ್ ಅಗೆತ, ಟನ್ನಿಗೆ ಸಾವಿರ ರೂಪಾಯಿ ನಿವ್ವಳ ಲಾಭ. ವರ್ಷಕ್ಕೆ 1,000 ಕೋಟಿ ಆಯಿತು. ಅರ್ಧ ಹಂಚಿ ಅರ್ಧ ಇಟ್ಟುಕೊಂಡರೆ ಹತ್ತನೇ ವರ್ಷದ ಕೊನೆಗೆ ಉಳಿಕೆ ಲಾಭ 5,000 ಕೋಟಿ. ಆ ಕೊನೆಯ ವರ್ಷದ ವರದಿಯನ್ನು ನೋಡಿ: ಲಾಭ ಕುಂದಿಲ್ಲ, ಮೀಸಲು ಹಿಂದೆಂದೂ ಇಲ್ಲದಷ್ಟು ಎತ್ತರದಲ್ಲಿದೆ, ಷೇರು ಬೆಲೆ ಗಳಿಕೆಯ ಮೂರು ಪಟ್ಟೋ ನಾಲ್ಕು ಪಟ್ಟೋ ಮಾತ್ರ. ಮೊಬೈಲಿನ ಸ್ಕ್ರೀನರ್ ಇದನ್ನು 'ಅಗ್ಗದ ಷೇರು' ಎಂದು ಮೇಲೆ ತಂದು ನಿಲ್ಲಿಸುತ್ತದೆ. ಬೆಟ್ಟ ಮಾತ್ರ ಮುಗಿದಿದೆ. ಆ 5,000 ಕೋಟಿ ಬ್ಯಾಂಕಿನ ಠೇವಣಿಯಾಗಿದ್ದರೆ 5,000 ಕೋಟಿಯೇ. ಡಂಪರು, ರೈಲು ಸೈಡಿಂಗ್‌ಗಳಾಗಿದ್ದರೆ ಗುಜರಿ ಬೆಲೆ. ಇನ್ನೊಂದು ಬೆಟ್ಟವಾಗಿದ್ದರೆ ಆ ಬೆಟ್ಟದ ಯೋಗ್ಯತೆಯಷ್ಟು.

ಇದು ಕಾಲ್ಪನಿಕ ಲೆಕ್ಕ. ನಿಜವಾದದ್ದು ಬೇಕಿದ್ದರೆ ನಮ್ಮವರು ಊರಿಗೆ ಹೋಗುವ ದಾರಿಯಿಂದ ಬಹಳ ದೂರವೇನೂ ಹೋಗಬೇಕಾಗಿಲ್ಲ.

ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿದ್ದು 1976ರಲ್ಲಿ, ಇರಾನಿನ ಶಾ ಕೊಡುವ ಸಾಲದ ಭರವಸೆಯ ಮೇಲೆ. 1979ರಲ್ಲಿ ಶಾ ಹೋದರು, ಇರಾನ್ ಅದಿರು ಕೊಳ್ಳಲಿಲ್ಲ. ಆದರೂ ಕಂಪನಿ ನಿಂತಿತು. ಬೆಟ್ಟದಲ್ಲಿ ಪುಡಿ ಮಾಡಿದ ಅದಿರನ್ನು ನೀರಿನ ಜೊತೆ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸಿ, 1987ರಿಂದ ಅಲ್ಲಿ ಉಂಡೆಗಳನ್ನಾಗಿ ಮಾಡಿ ಹಡಗು ತುಂಬಿಸುತ್ತಿತ್ತು. ಲಾಭ ಬಂತು, ಮೀಸಲು ಬೆಳೆಯಿತು. ಗುತ್ತಿಗೆಯ ಮೂವತ್ತು ವರ್ಷ 1999ರಲ್ಲಿ ಮುಗಿಯಿತು. ಸುತ್ತ ರಾಷ್ಟ್ರೀಯ ಉದ್ಯಾನ, ಕೆಳಗೆ ಭದ್ರೆಗೆ ಹರಿದುಬರುವ ಹೂಳು, ಊರಲ್ಲಿ ಚಳವಳಿ. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ 2005ರ ಕೊನೆಯವರೆಗೆ ಮಾತ್ರ ಅವಕಾಶ ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಇಲ್ಲಿ ಗಮನಿಸಬೇಕಾದದ್ದು ಲೆಕ್ಕಪುಸ್ತಕದ ನಿರ್ಲಿಪ್ತತೆ. ಗಣಿ ನಿಂತ ಮಾತ್ರಕ್ಕೆ ಉಳಿಕೆ ಲಾಭದ ಸಾಲಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ನಿನ್ನೆಯ ಲಾಭ ನಿನ್ನೆಯದೇ. ನಾಳೆ ಲಾಭ ತರುವ ಬೆಟ್ಟ ಕೈಬಿಟ್ಟಿತು ಎಂದು ಆ ಸಾಲು ಹೇಳುವುದೇ ಇಲ್ಲ. ಕುದುರೆಮುಖದ ಮಟ್ಟಿಗೆ ಒಂದು ಅದೃಷ್ಟವೆಂದರೆ ಉಳಿಸಿಕೊಂಡದ್ದರಲ್ಲಿ ದೊಡ್ಡ ಪಾಲು ಠೇವಣಿಯ ರೂಪದಲ್ಲಿತ್ತು. ಗಣಿಯಿಲ್ಲದ ಗಣಿ ಕಂಪನಿ ಮುಂದಿನ ಎಷ್ಟೋ ವರ್ಷ ಹೊರಗಿನ ಅದಿರನ್ನು ಹಡಗಿನಲ್ಲಿ ತರಿಸಿ ಉಂಡೆ ಕಟ್ಟುತ್ತ, ಬ್ಯಾಂಕಿನ ಬಡ್ಡಿಯ ಆಸರೆಯಲ್ಲಿ ಉಸಿರಾಡಿತು. ಅದರ ಲಾಭ ತೋರಿದ ವರ್ಷಗಳಲ್ಲೂ 'ಇತರ ಆದಾಯ'ದ ಸಾಲನ್ನು ತೆಗೆದು ಓದಿದರೆ ಉಳಿಯುವುದು ಹೆಚ್ಚಿರಲಿಲ್ಲ. ಪಣಂಬೂರಿನ ಬೀಡುಕಬ್ಬಿಣದ ಕುಲುಮೆ 2009ರಲ್ಲಿ ಆರಿತು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎನ್ನುತ್ತೇವಲ್ಲ, 2023-24 ಮತ್ತು 2024-25 ಎರಡೂ ವರ್ಷ ಕಂಪನಿ ನಷ್ಟ ತೋರಿಸಿತು. ಹೊಸ ಗಣಿಯಾಗಿ ಸಂಡೂರಿನ ದೇವದಾರಿ ಬೆಟ್ಟವನ್ನು ಕೊಡಲಾಗಿದೆ. 2024ರ ಜೂನಿನಲ್ಲಿ ಕೇಂದ್ರ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಅದರ ಕಡತಕ್ಕೆ ಸಹಿ ಹಾಕಿದ್ದೇ ತಡ, ಅರಣ್ಯದ ಕಾರಣಕ್ಕೆ ರಾಜ್ಯ ಸರ್ಕಾರ ಅಡ್ಡ ನಿಂತಿತು. ಬೆಟ್ಟ ಉಳಿಯಬೇಕೋ ಕಂಪನಿ ಉಳಿಯಬೇಕೋ ಎಂಬುದು ಬೇರೆಯೇ ಚರ್ಚೆ. ಅದರಲ್ಲಿ ನನ್ನ ಮನಸ್ಸು ಬೆಟ್ಟದ ಕಡೆಗಿದೆ. ಆದರೆ ಷೇರುದಾರನ ಕಣ್ಣಿನಿಂದ ನೋಡಿದರೆ, ಈ ಕಂಪನಿಯ ಮೀಸಲನ್ನು ತೋರಿಸಿ 'ಷೇರು ಅಗ್ಗ' ಎಂದವರು ಒಂದು ಸಂಖ್ಯೆಯನ್ನಷ್ಟೇ ನೋಡಿದ್ದರು. ಅಂದಹಾಗೆ ಈ ಕಂಪನಿಯಲ್ಲಿ ಸರ್ಕಾರದ ಪಾಲೇ ಶೇ 99ರ ಆಸುಪಾಸು. ಹೊರಗೆ ಓಡಾಡುವ ಷೇರು ಅಷ್ಟು ಕಡಿಮೆಯಿದ್ದಾಗ ಮಾರುಕಟ್ಟೆಯ ಬೆಲೆ ಯಾವ ದಿಕ್ಕಿಗೂ ಹಾರಬಹುದು. ಅಲ್ಲಿ ಅಗ್ಗ, ದುಬಾರಿ ಎಂಬ ಮಾತಿಗೇ ತೂಕವಿಲ್ಲ.

ಈಗ ದೊಡ್ಡಣ್ಣನ ಕಡೆ ಬರೋಣ. ವಡಾಲದ ಪಂಕ್ತಿಯಲ್ಲಿ ಹೆಚ್ಚು ಕೇಳಿಬರುವ ಹೆಸರು ಎನ್‌ಎಂಡಿಸಿ. ಛತ್ತೀಸಗಢದ ಬೈಲಾಡಿಲ, ನಮ್ಮ ಸಂಡೂರು ತಾಲ್ಲೂಕಿನ ದೋಣಿಮಲೈ, ಇವು ಅದರ ಕಾಮಧೇನುಗಳು. ಅದಿರಿನ ಗುಣ ಒಳ್ಳೆಯದು, ಅಗೆಯುವ ಖರ್ಚು ಕಡಿಮೆ, ವರ್ಷಗಟ್ಟಲೆ ಲಾಭ ಹರಿದುಬಂತು. ಆ ಉಳಿಕೆ ಲಾಭ ಎಲ್ಲಿ ಹೋಯಿತು ಎಂದು ಕೇಳಿದರೆ ಮೂರು ದಾರಿ ಕಾಣುತ್ತದೆ. ಮೂರರಲ್ಲೂ ಪಾಠವಿದೆ.

ಒಂದು ದಾರಿ ಛತ್ತೀಸಗಢದ ನಗರನಾರಿಗೆ ಹೋಗುತ್ತದೆ. ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದ ಉಕ್ಕಿನ ಕಾರ್ಖಾನೆಯನ್ನು ಎನ್‌ಎಂಡಿಸಿ ಅಲ್ಲಿ ಕಟ್ಟಲು ಹೊರಟಿತು. ಅದಿರು ಮಾರುವವನಿಗೆ ಉಕ್ಕು ಮಾಡುವ ಆಸೆ ಸಹಜ. ಅದಿರು ಮುಗಿದರೂ ಕಾರ್ಖಾನೆ ಇರುತ್ತದಲ್ಲ ಎಂಬ ವಾದವೂ ಕೇಳಲು ಚೆನ್ನಾಗಿದೆ. ಆದರೆ ವರ್ಷದಿಂದ ವರ್ಷಕ್ಕೆ ಬ್ಯಾಲೆನ್ಸ್ ಶೀಟಿನಲ್ಲಿ ಬೆಳೆದದ್ದು 'ಪ್ರಗತಿಯಲ್ಲಿರುವ ಬಂಡವಾಳ ಕಾಮಗಾರಿ' ಎಂಬ ಸಾಲು. ಕಾಮಗಾರಿ ಮುಗಿಯಲಿಲ್ಲ, ಖರ್ಚು 20 ಸಾವಿರ ಕೋಟಿ ದಾಟಿತು. ಕೊನೆಗೆ ಸರ್ಕಾರ ಕಾರ್ಖಾನೆಯನ್ನು ಬೇರೆ ಕಂಪನಿಯಾಗಿ ಒಡೆದು, ಎನ್‌ಎಂಡಿಸಿಯ ಪ್ರತಿ ಷೇರಿಗೆ ಹೊಸ ಕಂಪನಿಯ ಒಂದು ಷೇರು ಕೊಟ್ಟಿತು. 2023ರ ಫೆಬ್ರುವರಿಯಲ್ಲಿ ಎನ್‌ಎಂಡಿಸಿ ಸ್ಟೀಲ್ ಹೆಸರಲ್ಲಿ ಅದು ಷೇರುಪೇಟೆಗೆ ಬಂದಾಗ ಬೆಲೆ ಸುಮಾರು 30 ರೂಪಾಯಿ. ಒಟ್ಟು ಷೇರು 293 ಕೋಟಿ. ಗುಣಿಸಿ ನೋಡಿ: ಇಡೀ ಕಾರ್ಖಾನೆಗೆ ಮಾರುಕಟ್ಟೆ ಕಟ್ಟಿದ ಬೆಲೆ 9 ಸಾವಿರ ಕೋಟಿಯ ಹತ್ತಿರ. ಕಟ್ಟಿದ ಹಣದಲ್ಲಿ ಒಂದು ಭಾಗ ಸಾಲ ಎಂದು ಬಿಟ್ಟುಕೊಟ್ಟರೂ ಲೆಕ್ಕ ಕೂಡುವುದಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಕುಲುಮೆ ಹೊತ್ತಿಕೊಂಡಿತು. ನಂತರದ ಎರಡು ಹಣಕಾಸು ವರ್ಷಗಳೂ ಸಾವಿರ ಕೋಟಿ ಮೀರಿದ ನಷ್ಟ.

ವಾರನ್ ಬಫೆಟ್ ತಮ್ಮ ಷೇರುದಾರರಿಗೆ ಬಹಳ ಹಿಂದೆಯೇ ಒಂದು ಅಳತೆಗೋಲು ಕೊಟ್ಟಿದ್ದರು: ಕಂಪನಿ ಉಳಿಸಿಕೊಂಡ ಪ್ರತಿ ಡಾಲರಿಗೆ ಕಾಲಾಂತರದಲ್ಲಿ ಕನಿಷ್ಠ ಒಂದು ಡಾಲರಿನ ಮಾರುಕಟ್ಟೆ ಮೌಲ್ಯ ಹುಟ್ಟಬೇಕು, ಹುಟ್ಟದಿದ್ದರೆ ಆ ಹಣವನ್ನು ಹಂಚಿಬಿಡುವುದೇ ಲೇಸು. ನಗರನಾರಿನಲ್ಲಿ ಇಟ್ಟ ರೂಪಾಯಿ ಪೇಟೆಗೆ ಬಂದ ದಿನ ಎಂಟಾಣೆಯೂ ಬಾಳಲಿಲ್ಲ. ಹಾಗೆಂದು ಅದನ್ನು ಕಟ್ಟಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಬಸ್ತರಿಗೆ ಕಾರ್ಖಾನೆ ಬೇಕೋ ಬೇಡವೋ ಎಂಬುದು ರಾಜಕೀಯ ತೀರ್ಮಾನ, ಅದಕ್ಕೆ ಅದರದೇ ನ್ಯಾಯವಿರಬಹುದು. ಆದರೆ ಆ ತೀರ್ಮಾನದ ಬಿಲ್ಲು ನಿಮ್ಮ ಉಳಿಕೆ ಲಾಭದಿಂದ ಕಟ್ಟಲಾಯಿತು ಎಂಬುದನ್ನು ತಿಳಿದೇ ಷೇರು ಕೊಳ್ಳಬೇಕು.

ಎರಡನೇ ದಾರಿ ದೆಹಲಿಗೆ. 2016ರ ಮೇ ತಿಂಗಳಲ್ಲಿ ಕೇಂದ್ರ ಹಣಕಾಸು ಸಚಿವಾಲಯ ತನ್ನ ಉದ್ಯಮಗಳಿಗೆಲ್ಲ ಒಂದು ಸೂಚನೆ ಹೊರಡಿಸಿತು. ವರ್ಷದ ಲಾಭದ ಶೇ 30 ಅಥವಾ ನಿವ್ವಳ ಮೌಲ್ಯದ ಶೇ 5, ಯಾವುದು ಹೆಚ್ಚೋ ಅಷ್ಟು ಡಿವಿಡೆಂಡ್ ಕೊಡಬೇಕು. ನಿವ್ವಳ ಮೌಲ್ಯ 2,000 ಕೋಟಿ, ನಗದು 1,000 ಕೋಟಿ ಮೀರಿದವರು ಷೇರು ಮರುಖರೀದಿಯನ್ನು ಯೋಚಿಸಬೇಕು. ಮೀಸಲು ಬಂಡವಾಳದ ಹತ್ತು ಪಟ್ಟಾದವರು ಬೋನಸ್ ಕೊಡಬೇಕು. ಅದೇ ವರ್ಷ ಎನ್‌ಎಂಡಿಸಿ ಸುಮಾರು 80 ಕೋಟಿ ಷೇರುಗಳನ್ನು ತಲಾ 94 ರೂಪಾಯಿಗೆ ಮರಳಿ ಕೊಂಡಿತು. ಏಳೂವರೆ ಸಾವಿರ ಕೋಟಿ ಹೊರಗೆ ಹೋಯಿತು, ಹೆಚ್ಚಿನದು ಸರ್ಕಾರದ ಬೊಕ್ಕಸಕ್ಕೆ. ಮುಂದೆ ಇನ್ನೂ ಎರಡು ಸಲ ಚಿಕ್ಕ ಮರುಖರೀದಿಗಳು ನಡೆದವು. ಇದನ್ನು ನಾನು ತಪ್ಪೆನ್ನುವುದಿಲ್ಲ. ಮೇಲಿನ ಅಳತೆಗೋಲಿನಿಂದ ನೋಡಿದರೆ ನಗರನಾರಿಗಿಂತ ಇದೇ ಮೇಲು, ಏಕೆಂದರೆ ರೂಪಾಯಿಗೆ ರೂಪಾಯಿ ಮಾಲೀಕರ ಕೈಗೆ ಬಂತು. ಆದರೆ ಸರ್ಕಾರಿ ಗಣಿ ಕಂಪನಿಯಲ್ಲಿ ಎಷ್ಟು ಉಳಿಸಬೇಕು ಎಂಬುದನ್ನು ಗಣಿಯ ಅಗತ್ಯವೊಂದೇ ನಿರ್ಧರಿಸುವುದಿಲ್ಲ, ಬಜೆಟ್ಟಿನ ಕೊರತೆಯೂ ನಿರ್ಧರಿಸುತ್ತದೆ. ಇವತ್ತು ಕಾಣುವ ಮೀಸಲು ನಾಳೆ ಹೊಸ ಗಣಿಗೆ ಸಿಗುತ್ತದೆ ಎಂದು ನಂಬಿಕೊಳ್ಳುವ ಹಾಗಿಲ್ಲ.

ಮೂರನೇ ದಾರಿ ಎಲ್ಲಿಗೂ ಹೋಗುವುದಿಲ್ಲ. ಅದರ ಹೆಸರು ಬೋನಸ್. 2024ರ ಡಿಸೆಂಬರಿನಲ್ಲಿ ಎನ್‌ಎಂಡಿಸಿ ಒಂದು ಷೇರಿಗೆ ಎರಡು ಬೋನಸ್ ಷೇರು ಕೊಟ್ಟಾಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹಬ್ಬ. ನಡೆದದ್ದಿಷ್ಟೇ: ಒಂದು ರೂಪಾಯಿ ಮುಖಬೆಲೆಯ ಸುಮಾರು 586 ಕೋಟಿ ಹೊಸ ಷೇರು ಹುಟ್ಟಿದವು, ಮೀಸಲಿನಿಂದ 586 ಕೋಟಿ ರೂಪಾಯಿ ತೆಗೆದು ಷೇರು ಬಂಡವಾಳದ ಸಾಲಿಗೆ ಬರೆದರು. ಒಂದು ಟನ್ ಅದಿರೂ ಹೆಚ್ಚಲಿಲ್ಲ, ಒಂದು ಪೈಸೆಯೂ ಹೊರಹೋಗಲಿಲ್ಲ. ಒಂದು ದೋಸೆಯನ್ನು ಮೂರು ತುಂಡು ಮಾಡಿ ಬಡಿಸಿದಂತೆ. ಷೇರಿನ ಬೆಲೆಯೂ ಅದಕ್ಕೆ ತಕ್ಕಂತೆ ಮೂರನೇ ಒಂದಕ್ಕೆ ಇಳಿಯಿತು. 'ರೇಟು ನೋಡಿದರೆ ಏನೂ ಇಲ್ಲ' ಎಂಬ ಮಾತಿನ ಹಿಂದೆ ಎಷ್ಟೋ ಸಲ ಈ ತುಂಡಾದ ದೋಸೆಯೇ ಇರುತ್ತದೆ.

ಈ ಮೂರೂ ದಾರಿಗಳ ನಡುವೆ ಗಣಿಯ ಕಥೆ ಏನಾಯಿತು? ದೋಣಿಮಲೈಯ ಗುತ್ತಿಗೆ 2018ರ ನವೆಂಬರಿನಲ್ಲಿ ಮುಗಿದಾಗ ನವೀಕರಣಕ್ಕೆ ಕರ್ನಾಟಕ ಸರ್ಕಾರ ಅದಿರಿನ ಬೆಲೆಯ ಶೇ 80ರಷ್ಟು ಪ್ರೀಮಿಯಂ ಕೇಳಿತು. ಎನ್‌ಎಂಡಿಸಿ ಒಪ್ಪಲಿಲ್ಲ, ಗಣಿ ನಿಂತಿತು. ಶೇ 22.5ಕ್ಕೆ ರಾಜಿಯಾಗಿ ಮತ್ತೆ ಅಗೆತ ಶುರುವಾದದ್ದು 2021ರ ಫೆಬ್ರುವರಿಯಲ್ಲಿ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದು ದೊಡ್ಡ ಗಣಿ ಸುಮ್ಮನೆ ಕೂತಿತ್ತು. ಅದಿರು ಅಲ್ಲೇ ಇತ್ತು, ಅಗೆಯುವ ಹಕ್ಕು ಇರಲಿಲ್ಲ. ಬಳ್ಳಾರಿಯವರಿಗೆ ಇದು ಹೊಸ ಅನುಭವವೂ ಅಲ್ಲ. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಇಡೀ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತ್ತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರುಗಳಲ್ಲೂ ನಿಂತಿತು. 2013ರಲ್ಲಿ 51 ಗುತ್ತಿಗೆಗಳು ರದ್ದಾದವು. ಉಳಿಕೆ ಲಾಭದ ಲೆಕ್ಕದಲ್ಲಿ ಕೋರ್ಟಿನ ದಿನಾಂಕಗಳಿಗೆ ಅಂಕಣವಿಲ್ಲ.

ಹಾಗಾದರೆ ಉಳಿಸದೆ ಎಲ್ಲವನ್ನೂ ಹಂಚುವ ಕಂಪನಿಯೇ ಒಳ್ಳೆಯದೇ? ತತ್ವಕ್ಕೆ ಹೌದು ಎನ್ನುತ್ತೇನೆ. ಕರಗುವ ಆಸ್ತಿಯ ಹಣ ಮಾಲೀಕನ ಕೈಗೆ ಬಂದರೆ ಮುಂದೇನು ಮಾಡಬೇಕೆಂದು ಅವನೇ ತೀರ್ಮಾನಿಸಬಹುದು. ಆದರೆ ಹಿಂದೂಸ್ತಾನ್ ಝಿಂಕ್‌ನ 2022-23ರ ಕಥೆ ನೋಡಿದ ಮೇಲೆ ಆ ಹೌದು ಸ್ವಲ್ಪ ಮೆತ್ತಗಾಗುತ್ತದೆ. ಆ ವರ್ಷ ಕಂಪನಿಯ ನಿವ್ವಳ ಲಾಭ ಹತ್ತೂವರೆ ಸಾವಿರ ಕೋಟಿ. ಷೇರಿಗೆ 75 ರೂಪಾಯಿ 50 ಪೈಸೆಯಂತೆ ಹಂಚಿದ್ದು ಸುಮಾರು 32 ಸಾವಿರ ಕೋಟಿ. ನಿವ್ವಳ ಮೌಲ್ಯ 34 ಸಾವಿರ ಕೋಟಿಯ ಆಸುಪಾಸಿನಿಂದ 13 ಸಾವಿರ ಕೋಟಿಯ ಆಸುಪಾಸಿಗೆ ಇಳಿಯಿತು. ಒಂದು ಕಾಲಕ್ಕೆ ಸಾಲವೇ ಇಲ್ಲದಿದ್ದ ಕಂಪನಿಯ ಪುಸ್ತಕದಲ್ಲಿ ಸಾವಿರಾರು ಕೋಟಿ ಸಾಲ ಕಂಡಿತು. ಇದರ ಜೊತೆಗೆ ಸಾಮಾನ್ಯ ಮೀಸಲಿನಲ್ಲಿದ್ದ 10,383 ಕೋಟಿಯನ್ನು ಉಳಿಕೆ ಲಾಭದ ಸಾಲಿಗೆ ವರ್ಗಾಯಿಸುವ ಪ್ರಸ್ತಾಪವನ್ನೂ ಷೇರುದಾರರ ಮುಂದಿಟ್ಟರು. ಹಂಚಲು ಸಲೀಸಾಗುವ ಸಾಲಿಗೆ ತರುವುದೆಂದರೆ ಅದೇ. ಮೂರನೇ ಎರಡರಷ್ಟು ಷೇರು ಸಾಲದ ಹೊರೆ ಹೊತ್ತ ಮಾತೃ ಸಂಸ್ಥೆ ವೇದಾಂತದ ಕೈಯಲ್ಲಿತ್ತು ಎಂದರೆ ಉಳಿದದ್ದು ನಿಮಗೇ ಅರ್ಥವಾಗುತ್ತದೆ. ಆ ವರ್ಷ ಡಿವಿಡೆಂಡ್ ಪಡೆದ ವಡಾಲದವರು ಯಾರೂ ದೂರಲಿಲ್ಲ, ದೂರುವ ಕಾರಣವೂ ಇರಲಿಲ್ಲ. ಅದನ್ನು ನೋಡಿ ಮರುವರ್ಷವೂ ಅಷ್ಟೇ ಬರುತ್ತದೆಂದು ಷೇರು ಕೊಂಡವರ ಲೆಕ್ಕ ಮಾತ್ರ ತಪ್ಪಿತು. ದಶಕಗಳ ಉಳಿಕೆಯನ್ನು ಒಂದೇ ಸಲಕ್ಕೆ ಬಡಿಸಿ ಮುಗಿಸಿದ ಊಟ ಅದು.

ಹಂಚಿಬಿಡುವುದಕ್ಕೆ ಇನ್ನೂ ಹಳೆಯ ಉದಾಹರಣೆ ನಮ್ಮ ಕೋಲಾರ. 1880ರಿಂದ ಜಾನ್ ಟೇಲರ್ ಕಂಪನಿ ನಡೆಸಿದ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಲಂಡನ್ನಿನ ಷೇರುದಾರರಿಗೆ ದಶಕಗಟ್ಟಲೆ ಡಿವಿಡೆಂಡ್ ಕಳಿಸಿದವು. 1956ರಲ್ಲಿ ಮೈಸೂರು ಸರ್ಕಾರಕ್ಕೆ ಅವು ಬರುವ ಹೊತ್ತಿಗೆ ಕಸುವು ಕಡಿಮೆಯಾಗಿತ್ತು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಕೆಜಿಎಫ್‌ಗೆ ಉಳಿದದ್ದು ಸೈನೈಡ್ ದಿಬ್ಬಗಳು ಮತ್ತು ಸಂಬಳ ಬಾಕಿಯ ಕಾರ್ಮಿಕರು. ಷೇರುದಾರರ ಲೆಕ್ಕದಲ್ಲಿ ಅದು ಯಶಸ್ವಿ ಹೂಡಿಕೆ. ಆ ಲೆಕ್ಕಕ್ಕೆ ಊರನ್ನು ಸೇರಿಸಿರಲಿಲ್ಲ, ಅಷ್ಟೇ.

ಊರಿನ ಲೆಕ್ಕ ಈಗ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತಿದೆ. 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಜಧನ ತೆರಿಗೆಯಲ್ಲ, ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು 8-1ರ ಬಹುಮತದಿಂದ ಹೇಳಿತು. ಆಗಸ್ಟ್ 14ರಂದು ಇನ್ನೂ ಮುಂದೆ ಹೋಗಿ, 2005ರ ಏಪ್ರಿಲ್ 1ರಿಂದ ಈಚಿನ ಬಾಕಿಯನ್ನೂ ರಾಜ್ಯಗಳು ಕೇಳಬಹುದು, 2026ರ ಏಪ್ರಿಲಿನಿಂದ ಹನ್ನೆರಡು ವರ್ಷದ ಕಂತಿನಲ್ಲಿ ವಸೂಲು ಮಾಡಬಹುದು ಎಂದಿತು. ಯಾವ ರಾಜ್ಯ ಎಷ್ಟು ಕೇಳುತ್ತದೆ ಎಂಬುದು ಆಯಾ ರಾಜ್ಯದ ಕಾನೂನಿಗೆ ಬಿಟ್ಟದ್ದು. ಆದರೆ ಉಳಿಕೆ ಲಾಭದ ಬಗ್ಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ಇಪ್ಪತ್ತು ವರ್ಷದ ಹಿಂದೆ ಲಾಭವೆಂದು ಬರೆದು, ತೆರಿಗೆ ಕಟ್ಟಿ, ಮೀಸಲಿಗೆ ಸೇರಿಸಿದ ಹಣಕ್ಕೂ ಹಕ್ಕುದಾರ ಬರಬಹುದು. ವಾರ್ಷಿಕ ವರದಿಯ ಹಿಂಭಾಗದಲ್ಲಿ 'ಸಂಭಾವ್ಯ ಹೊಣೆಗಳು' ಎಂಬ ಟಿಪ್ಪಣಿ ಇರುತ್ತದೆ. ಯಾರೂ ಓದದ ಪುಟ ಅದು. ಗಣಿ ಕಂಪನಿಯಲ್ಲಿ ಮೊದಲು ಓದಬೇಕಾದದ್ದು ಅದೇ.

ಪ್ರಶ್ನೆ ಕೇಳಿದವರಿಗೆ ನಾನು ಹೇಳುವುದು ಹೀಗೆ. ಹತ್ತು ವರ್ಷದ ಹಿಂದಿನ ವರದಿ ಮತ್ತು ಈ ವರ್ಷದ ವರದಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಉಳಿಕೆ ಲಾಭ ಎಷ್ಟು ಹೆಚ್ಚಿದೆ ಎಂದು ಬರೆದುಕೊಳ್ಳಿ; ನಡುವೆ ಬೋನಸ್, ಮರುಖರೀದಿ ನಡೆದಿದ್ದರೆ ಅದನ್ನೂ ಸೇರಿಸಿ. ಆಮೇಲೆ ಎದುರಿನ ಪುಟದಲ್ಲಿ ನಗದು ಮತ್ತು ಠೇವಣಿ ಎಷ್ಟು ಹೆಚ್ಚಿದೆ, ಮುಗಿಯದ ಕಾಮಗಾರಿ ಎಷ್ಟು, ಗಣಿಯಲ್ಲದ ಬೇರೆ ವ್ಯವಹಾರಕ್ಕೆ ಹಾಕಿದ್ದೆಷ್ಟು ಎಂದು ನೋಡಿ. ಕೊನೆಗೆ ರೂಪಾಯಿಯ ಲೆಕ್ಕ ಬಿಟ್ಟು ಟನ್ನಿನ ಲೆಕ್ಕಕ್ಕೆ ಬನ್ನಿ: ನೆಲದಡಿ ಎಷ್ಟು ಅದಿರಿದೆ, ವರ್ಷಕ್ಕೆ ಎಷ್ಟು ಅಗೆಯುತ್ತಾರೆ, ಗುತ್ತಿಗೆ ಯಾವಾಗ ಮುಗಿಯುತ್ತದೆ. ಅದಿರು ನಲವತ್ತು ವರ್ಷಕ್ಕಾಗುವಷ್ಟಿದ್ದು ಗುತ್ತಿಗೆ ಎಂಟು ವರ್ಷಕ್ಕೆ ಮುಗಿಯುವುದಾದರೆ ನಿಮ್ಮದು ಎಂಟು ವರ್ಷದ ಗಣಿ. 2015ರ ಕಾನೂನು ತಿದ್ದುಪಡಿಯ ನಂತರ ಖಾಸಗಿಯವರಿಗೆ ಗುತ್ತಿಗೆ ಹರಾಜಿನಲ್ಲೇ ಸಿಗಬೇಕು, ಹಳೆಯ ಬೆಲೆಗೆ ಮತ್ತೆ ಸಿಗುವುದಿಲ್ಲ.

ಈ ಅಳತೆಯನ್ನು ಈಗ ಹಚ್ಚಿ ನೋಡಬಹುದಾದ ಕಂಪನಿಯೊಂದು ನಮ್ಮ ಕಣ್ಣೆದುರಿಗೇ ಇದೆ. ಸಂಡೂರಿನ ಘೋರ್ಪಡೆ ಮನೆತನ 1954ರಲ್ಲಿ ಕಟ್ಟಿದ ಸಂಡೂರ್ ಮ್ಯಾಂಗನೀಸ್ ಎಪ್ಪತ್ತು ವರ್ಷ ನಿಧಾನವಾಗಿ, ಸಾಲಕ್ಕೆ ಹೆದರುತ್ತ ನಡೆದ ಕಂಪನಿ. 2024ರ ಫೆಬ್ರುವರಿಯಲ್ಲಿ ಒಂದಕ್ಕೆ ಐದು ಬೋನಸ್ ಕೊಟ್ಟು ಸುದ್ದಿಯಾಯಿತು. ನಿಜವಾದ ಸುದ್ದಿ ಅದೇ ವರ್ಷದ ನವೆಂಬರಿನದು. ಉಳಿಸಿಕೊಂಡದ್ದಕ್ಕೆ ಸಾಲವನ್ನೂ ಸೇರಿಸಿ, ತಾಡಪತ್ರಿಯಲ್ಲೂ ಪಂಜಾಬಿನ ಮಂಡಿ ಗೋಬಿಂದಗಢದಲ್ಲೂ ಕಾರ್ಖಾನೆಗಳಿರುವ ಅರ್ಜಾಸ್ ಸ್ಟೀಲ್ ಕಂಪನಿಯ ಶೇ 80ರಷ್ಟು ಪಾಲನ್ನು ಕೊಂಡಿತು. ಇಡೀ ಅರ್ಜಾಸ್‌ಗೆ ಕಟ್ಟಿದ ಬೆಲೆ 3,000 ಕೋಟಿ. ಸಂಡೂರಿನ ಗಣಿ ಗುತ್ತಿಗೆಗಳು 2033ರ ಕೊನೆಗೆ ಮುಗಿಯುತ್ತವೆ. ನಗರನಾರಿನಂತೆ ಇಲ್ಲಿಯೂ ಅದಿರಿನ ಲಾಭ ಉಕ್ಕಾಗಲು ಹೊರಟಿದೆ. ವ್ಯತ್ಯಾಸವೆಂದರೆ ಇದು ಕಟ್ಟಿ ಮುಗಿದ, ಓಡುತ್ತಿರುವ ಕಾರ್ಖಾನೆ, ಮತ್ತು ಹಣ ಹಾಕಿದವರು ತಮ್ಮ ಸ್ವಂತ ಪಾಲನ್ನೂ ಪಣಕ್ಕಿಟ್ಟವರು. ಮುಂದಿನ ಐದಾರು ವರ್ಷ ಈ ಕಂಪನಿಯ ವರದಿ ಬಂದಾಗ ನಾನು ಒಟ್ಟು ಲಾಭ ನೋಡುವುದಿಲ್ಲ. ಗಣಿಯ ಲಾಭವೆಷ್ಟು, ಉಕ್ಕಿನ ಲಾಭವೆಷ್ಟು ಎಂದು ವಿಭಾಗವಾರು ಕೊಟ್ಟಿರುವ ಪುಟ ತೆರೆದು, ಮೊದಲನೆಯದನ್ನು ಹೊಡೆದುಹಾಕಿ, ಎರಡನೆಯದರಿಂದ ಸಾಲದ ಬಡ್ಡಿ ಕಳೆದು ಎಷ್ಟು ಉಳಿಯುತ್ತದೆ ಎಂದು ನೋಡುತ್ತೇನೆ.